ಸೆಕೆಂಡ್ ಮುಳ್ಳಿರುವ ವಾಚು

ಪರ್ತ್‌ನ ಆ ಮನೆ ನನ್ನ ಮೊಮ್ಮಗಳು ಇಳಾಗೆ ಈಗ ಹೆಚ್ಚು ನೆನಪಿಲ್ಲ. ಕೇಳಿದರೆ ಹಿತ್ತಲಿನ ನಿಂಬೆಗಿಡ, ಪಕ್ಕದ ಮನೆಯ ನಾಯಿ, ಅಷ್ಟೇ ಹೇಳುತ್ತಾಳೆ. ಮೂರರಿಂದ ಏಳನೆಯ ವರ್ಷದವರೆಗೆ ಅವಳು ಬೆಳೆದದ್ದು ಅಲ್ಲಿ. ನನ್ನ ಬಾಲ್ಯದ ಮನೆಯ ವಿಚಾರ ಹಿಂದಿನ ಅಧ್ಯಾಯಗಳಲ್ಲಿ ಬರೆದು ಮುಗಿಸಿದ್ದೇನೆ. ಇಲ್ಲಿ ಅವಳದನ್ನು ಬರೆಯುತ್ತೇನೆ. ಮನುಷ್ಯ ರೂಪುಗೊಳ್ಳುವುದು ಚಿಕ್ಕಂದಿನಲ್ಲಿ ಒಂದೇ ಸಲ ಎಂದು ನಾನು ತಿಳಿದಿದ್ದೆ. ಅರವತ್ತು ದಾಟಿದ ಮೇಲೆ ಆ ಮನೆಯಲ್ಲಿ ನಾನು ಇನ್ನೊಮ್ಮೆ ರೂಪುಗೊಂಡೆ. ಅದು ಒಳ್ಳೆಯ ರೂಪ ಎಂದು ಹೇಳಲಾರೆ.

ಹದಿನೇಳಕ್ಕೆ ನರ್ಸಿಂಗ್ ಹಾಸ್ಟೆಲ್ ಸೇರಿ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಹಾಸಿಗೆಯ ಮೂಲೆಗಳನ್ನು ಮಡಿಸಿ ಒಳಗೆ ಸೇರಿಸುವುದು, ಟವೆಲ್ಲನ್ನು ಮೂರು ಮಡಿಕೆ ಮಾಡುವುದು. ಯಜಮಾನರು ತೀರಿಕೊಂಡ ವರ್ಷ ಮಗಳು ವಸುಧಾಳ ಬಾಣಂತನಕ್ಕೆಂದು ಅಡಿಲೇಡ್‌ಗೆ ಬಂದೆ. ಇಳಾ ಹುಟ್ಟಿದ್ದು ಅಲ್ಲಿ. ಮೂರು ತಿಂಗಳಿಗೆಂದು ಬಂದವಳು ಉಳಿದುಬಿಟ್ಟೆ. ಅಳಿಯ ಶ್ರೀಧರ ಅವರಿಗೆ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ನಾವೆಲ್ಲ ಪರ್ತ್‌ಗೆ ಹೋದೆವು. ಎರಡು ವಾರ ಮರುಭೂಮಿಯ ಸೈಟಿನಲ್ಲಿ, ಒಂದು ವಾರ ಮನೆಯಲ್ಲಿ. ವಿಮಾನದಲ್ಲಿ ಹೋಗುವುದು, ವಿಮಾನದಲ್ಲಿ ಬರುವುದು. ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲ ಅದು, ನಮ್ಮ ಬೀದಿಯ ಅರ್ಧದಷ್ಟು ಗಂಡಸರು ಹೀಗೇ ಬದುಕುತ್ತಿದ್ದರು. ವಸುಧಾ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರಾಗಿದ್ದಳು.

ಆ ಮನೆಯ ಪಂಚಾಂಗವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ರೋಸ್ಟರ್. ಸೈಟಿನ ದಿನಗಳು ಕೆಂಪು, ಮನೆಯ ದಿನಗಳು ಹಸಿರು. ಇಳಾಗೆ ವಾರದ ಹೆಸರುಗಳಿಗಿಂತ ಮೊದಲು ಈ ಬಣ್ಣಗಳು ತಿಳಿದವು. ರಾತ್ರಿಪಾಳಿ ಮುಗಿಸಿ ಬಂದ ಸಲ ಶ್ರೀಧರ ಅವರು ಎರಡು ದಿನ ಹಗಲಿನಲ್ಲಿ ಮಲಗುತ್ತಿದ್ದರು. ಕಿಟಕಿಯ ಗಾಜಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ ಕತ್ತಲೆ ಮಾಡಿಕೊಳ್ಳುತ್ತಿದ್ದರು. ಆ ಎರಡು ದಿನ ಮಿಕ್ಸಿ ಹಾಕುವಂತಿಲ್ಲ, ಒಗ್ಗರಣೆಯ ಸೌಟು ಇಡುವುದೂ ಮೆಲ್ಲಗೆ. ಇಳಾ ತುದಿಗಾಲಿನ ಮೇಲೆ ನಡೆಯಲು ಕಲಿತಳು. ಮನೆಗೆ ಯಾರಾದರೂ ಬಂದರೆ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು, "ಶ್, ಅಪ್ಪ ಈಸ್ ಆನ್ ನೈಟ್ಸ್," ಎನ್ನುತ್ತಿದ್ದಳು. ಮೂರನೆಯ ದಿನ ಅವರು ಎದ್ದು ಬಂದು ಊಟದ ಮೇಜಿಗೆ ಕೂತು ಅನ್ನ, ತಿಳಿಸಾರು ಕೇಳುತ್ತಿದ್ದರು. ಸೈಟಿನ ಮೆಸ್ಸಿನಲ್ಲಿ ಬೇಕಾದ್ದೆಲ್ಲ ಇತ್ತಂತೆ, ತಿಳಿಸಾರು ಇರಲಿಲ್ಲ. ನಾನು ತಟ್ಟೆಯನ್ನು ಅವರ ಮುಂದೆ ಇಟ್ಟು ಒಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ನನ್ನ ತಾಯಿ ನನ್ನ ಗಂಡನ ಎದುರು ಬಂದವರಲ್ಲ. ಬಾಗಿಲ ಹಿಂದೆ ನಿಂತು, "ಇನ್ನೊಂದು ಸ್ವಲ್ಪ ಬಡಿಸಲಾ ಕೇಳೇ," ಎಂದು ನನ್ನ ಮೂಲಕ ಮಾತಾಡುತ್ತಿದ್ದರು. ನಾನು ಅಷ್ಟು ಹಿಂದಿನವಳಲ್ಲ. ಆದರೂ ಅಳಿಯನ ಕೈಗೆ ನೇರವಾಗಿ ಲೋಟ ಕೊಡುವುದು ನನಗೆ ಬರಲಿಲ್ಲ. ಮೇಜಿನ ಮೇಲೆ ಇಡುತ್ತಿದ್ದೆ, ಅವರು ಎತ್ತಿಕೊಳ್ಳುತ್ತಿದ್ದರು. ಆರು ವರ್ಷ ಒಂದೇ ಸೂರಿನಡಿ ಇದ್ದು ನಾವಿಬ್ಬರೂ ಒಮ್ಮೆಯೂ ಒಬ್ಬರ ಕೈ ಒಬ್ಬರು ಮುಟ್ಟಿರಲಿಲ್ಲ.

ವಾಚಿನ ಮಾತು ಶುರುವಾದದ್ದು ಇಳಾಗೆ ಆರು ತುಂಬಿದ ವಾರ, ರಾತ್ರಿಯ ಊಟದಲ್ಲಿ. ಸೈಟಿನ ಹಿರಿಯನೊಬ್ಬ ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಸ್ವಿಸ್ ವಾಚನ್ನು ಇಂದಿಗೂ ಕಟ್ಟುತ್ತಾನಂತೆ. ಶ್ರೀಧರ ಅವರಿಗೆ ಅದು ಮನಸ್ಸಿಗೆ ಹಿಡಿದಿತ್ತು.

"ಇಲ್ಲಿ ಇಪ್ಪತ್ತೊಂದು ಅಂದ್ರೆ ದೊಡ್ಡದು ವಸು. ಇಳಾಗೂ ಒಂದು ಒಳ್ಳೇ ವಾಚ್ ತೆಗೆದಿಡ್ಬೇಕು. ಲೈಫ್‌ಲಾಂಗ್ ಇರೋ ಅಂಥದ್ದು."

"ಹದಿನೈದು ವರ್ಷ ಆದ್ಮೇಲೆ ಕೊಡೋದಕ್ಕೆ ಈಗ್ಯಾಕೆ ಅಂಗಡಿ ಅಲೀಬೇಕು?"

"ಈಗ ಕೈಯಲ್ಲಿ ಕೆಲಸ ಇದೆ, ಈಗ ತಗೋತೀನಿ."

"ಬುಧವಾರ ಅವಳ ಸ್ವಿಮ್ಮಿಂಗಿಗೆ ಯಾರು ಕರ್ಕೊಂಡು ಹೋಗ್ತಾರೆ, ಅದು ಹೇಳು ಶ್ರೀ."

"ನಾನು ಸೈಟಲ್ಲಿರ್ತೀನಲ್ಲ."

"ಅದೇ ನಾನೂ ಹೇಳ್ತಿರೋದು."

ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಿದರು. ವಸುಧಾ ಕೊನೆಗೆ, ಈ ಮನೆಯಲ್ಲಿ ಇನ್ನೊಂದು ಸಲ ವಾಚಿನ ವಿಷಯ ಎತ್ತಬೇಡ ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಇಳಾ ತನ್ನ ಮೊಸರನ್ನದಲ್ಲಿ ಚಮಚದಿಂದ ಗೆರೆ ಎಳೆಯುತ್ತ ಕೂತಿದ್ದಳು. ನಾನು ಅವಳಿಗೆ, ಊಟ ಮುಗಿಸು, ಎಂಟಾಯಿತು ಎಂದೆ. ಜಗಳದ ಮನೆಯಲ್ಲಿ ನಾನು ಯಾವಾಗಲೂ ಮಾಡಿದ್ದು ಇದೇ, ಗಂಟೆ ಎಷ್ಟೆಂದು ಹೇಳುವುದು.

ಮುಂದಿನ ಹಸಿರು ವಾರದ ಶನಿವಾರ ಶ್ರೀಧರ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳಿದರು.

"ಅತ್ತೆ, ಸ್ವಾನ್ ವ್ಯಾಲಿಗೆ ಹೋಗಿ ದ್ರಾಕ್ಷಿ ತರೋಣ ಬರ್ತೀರಾ? ದಾರೀಲಿ ಸಿಟೀಲಿ ಒಂದು ಅಂಗಡಿ ನೋಡ್ಬೇಕು."

ಸಿಟಿ ದಾರಿಯಲ್ಲಿಲ್ಲ, ಸ್ವಾನ್ ವ್ಯಾಲಿ ಒಂದು ದಿಕ್ಕಾದರೆ ಸಿಟಿ ಇನ್ನೊಂದು. ನನಗೆ ಅರ್ಥವಾಯಿತು. ಬೇಡವೆನ್ನಬಹುದಿತ್ತು. ಆದರೆ ಒಬ್ಬ ಗಂಡಸು ತನ್ನ ಮಗಳಿಗೆ ಏನೋ ಕೊಡಬೇಕೆಂದು ಹೀಗೆ ಕಳ್ಳನಂತೆ ನಿಂತದ್ದನ್ನು ನೋಡಿ ಸೆರಗು ಸರಿಮಾಡಿಕೊಂಡು ಹೊರಟೆ. ಆಮೇಲೆ ಅದೇ ಪದ್ಧತಿಯಾಯಿತು. ವಸುಧಾ ಇಳಾಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದೊಯ್ಯುವ ಶನಿವಾರದ ಬೆಳಿಗ್ಗೆ ನಾವು ಸಿಟಿಗೆ ಹೋಗಿ ವಾಚು ನೋಡುವುದು, ಅಲ್ಲಿಂದ ಕಾರು ಓಡಿಸಿಕೊಂಡು ಸ್ವಾನ್ ವ್ಯಾಲಿಗೆ ಹೋಗಿ ರಸ್ತೆಬದಿಯ ತೋಟದಲ್ಲಿ ದ್ರಾಕ್ಷಿ ಕೊಂಡು ಮನೆ ಸೇರುವುದು. ದ್ರಾಕ್ಷಿ ಸಿಗದ ದಿನ ಜೇನುತುಪ್ಪ ತಂದೆವು. ಒಂದು ದಿನ ವಸುಧಾ ಕಪಾಟು ತೆರೆದು, "ಅಮ್ಮ, ಆರು ಬಾಟ್ಲಿ ಜೇನುತುಪ್ಪ ಯಾಕೆ ಇದೆ ನಮ್ಮನೇಲಿ?" ಎಂದಳು. "ಕೆಮ್ಮಿಗೆ," ಎಂದೆ. ಶ್ರೀಧರ ಅವರು ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡರು.

ಆ ಅಂಗಡಿಗಳಲ್ಲಿ ಮೆತ್ತನೆಯ ಕುರ್ಚಿ, ಕುಡಿಯಲು ನೀರು, ಬಿಳಿ ಕೈಗವಸು ಹಾಕಿದ ಸಿಬ್ಬಂದಿ. ಹೆಣ್ಣುಮಗಳಿಗೆ ಎಂದೊಡನೆ ಅವರು ತಟ್ಟೆಯಲ್ಲಿ ಇಟ್ಟು ತರುತ್ತಿದ್ದದ್ದು ಹರಳು ಕೂರಿಸಿದ ಪುಟ್ಟ ವಾಚುಗಳು. ಎರಡು ಮುಳ್ಳು ಮಾತ್ರ, ಅಂಕಿಗಳಿಲ್ಲ. ಸೆಕೆಂಡ್ ಮುಳ್ಳು ಎಲ್ಲಿ ಎಂದು ನಾನು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಹೆಂಗಸರ ಮಾಡೆಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಮೇಡಂ ಎಂದ, ಟೈ ಕಟ್ಟಿದ ವಯಸ್ಸಾದ ಸೇಲ್ಸ್‌ಮನ್. ಮೂವತ್ತೆಂಟು ವರ್ಷ ಎದೆಯ ಮೇಲೆ ವಾಚು ಪಿನ್ನು ಮಾಡಿಕೊಂಡು ನಾಡಿ ಎಣಿಸಿದ ನನಗೆ ಇದು ಸೋಜಿಗವಾಯಿತು.

"ಸೆಕೆಂಡ್ ಮುಳ್ಳಿಲ್ದೆ ಇದ್ರೆ ಅದು ಬಳೆ, ವಾಚಲ್ಲ," ಎಂದೆ ಅಳಿಯನಿಗೆ.

"ಅವಳು ಡಾಕ್ಟ್ರಾಗ್ತಾಳೆ ಅಂತ ಈಗ್ಲೇ ಡಿಸೈಡ್ ಮಾಡ್ಬಿಟ್ರಾ ಅತ್ತೆ?"

"ಏನಾದ್ರೂ ಆಗ್ಲಿ. ನೀರಲ್ಲಿ ಕೈ ತೊಳ್ಯೋ ಹಾಗಿರ್ಬೇಕು, ಅಂಕಿ ಕಾಣ್ಬೇಕು, ಮುಳ್ಳು ಓಡ್ಬೇಕು."

"ಆಯ್ತು ಮೇಟ್ರನ್," ಎಂದು ಅವರು ಕೈಮುಗಿದರು. ಸೇಲ್ಸ್‌ಮನ್ ಏನೂ ಅರ್ಥವಾಗದೆ ತಾನೂ ನಕ್ಕ.

ಐದನೆಯ ಸಲ ಹೋದಾಗ ಗಂಡಸರ ವಿಭಾಗದಲ್ಲಿ ಅಂಥದ್ದೊಂದು ಸಿಕ್ಕಿತು. ಉಕ್ಕಿನ ಮೈ, ಬಿಳಿ ಮುಖ, ಹನ್ನೆರಡು ಅಂಕಿಗಳು, ತೆಳ್ಳಗಿನ ನೀಲಿ ಸೆಕೆಂಡ್ ಮುಳ್ಳು. ಬೆಲೆಯ ಚೀಟಿಯನ್ನು ನಾನು ಎರಡು ಸಲ ಓದಿದೆ. ಶ್ರೀಧರ ಅವರು ಆ ಮಂಗಳವಾರ ಸೈಟಿನಿಂದ ಬಂದಿದ್ದರು, ಕಣ್ಣು ಇನ್ನೂ ಒಳಗೆ ಹೋಗಿತ್ತು. ವಾಚನ್ನು ನನ್ನ ಕಡೆ ಸರಿಸಿ, ಶರ್ಟಿನ ತೋಳು ಮೇಲೆ ಮಾಡಿ, ಎಡಗೈಯನ್ನು ಗಾಜಿನ ಮೇಜಿನ ಮೇಲೆ ಚಾಚಿದರು.

"ಟೆಸ್ಟ್ ಮಾಡೇ ಬಿಡಿ ಅತ್ತೆ. ನನ್ನ ಪಲ್ಸ್ ನೋಡಿ."

ನಾನು ಹಿಂಜರಿದೆ. ಡ್ಯೂಟಿಯಲ್ಲಿ ಸಾವಿರಾರು ಗಂಡಸರ ಕೈ ಹಿಡಿದವಳು ನಾನು. ಇದು ಅಳಿಯನ ಕೈ. ಸೇಲ್ಸ್‌ಮನ್ ನೋಡುತ್ತಿದ್ದ. ಮೂರು ಬೆರಳಿಟ್ಟೆ, ನೀಲಿ ಮುಳ್ಳಿನ ಮೇಲೆ ಕಣ್ಣಿಟ್ಟು ಒಂದು ನಿಮಿಷ ಎಣಿಸಿದೆ. ನೂರ ಹದಿನೆಂಟು. ಜೋರಾಗಿ ಹೊಡೆಯುವ ನಾಡಿ ದೊಡ್ಡ ವಿಷಯವಲ್ಲ. ಇದು ಹದ ತಪ್ಪಿತ್ತು. ಎರಡು ಬೇಗ, ಒಂದು ತಡ, ಒಂದು ಇಲ್ಲವೇ ಇಲ್ಲ, ಮತ್ತೆ ಮೂರು ಬೇಗ. ಯಾವ ಲೆಕ್ಕಕ್ಕೂ ಸಿಗದ ನಾಡಿ. ಅದು ಏನೆಂದು ನನ್ನ ಬೆರಳಿಗೆ ಗೊತ್ತಿತ್ತು.

"ಎಷ್ಟಿದೆ?"

"ಸ್ವಲ್ಪ ಜಾಸ್ತಿ. ಕಾಫಿ ಕಮ್ಮಿ ಮಾಡಿ."

"ಸೈಟಲ್ಲಿ ಎಲ್ರದೂ ಹೀಗೇ," ಎಂದು ತೋಳು ಇಳಿಸಿಕೊಂಡರು. "ಹಾಗಾದ್ರೆ ಇದೇನಾ?"

"ಇದೇ ಇರ್ಲಿ," ಎಂದೆ.

ಅವರು ಅಲ್ಲೇ ಕೊಂಡರು. ಹಿಂಬದಿಯಲ್ಲಿ ಇಳಾಳ ಹೆಸರು ಕೆತ್ತಲು ಎರಡು ವಾರ ಬೇಕೆಂದರು. ವಸುಧಾಗೆ ತಿಳಿಯಬಾರದೆಂದು ನನ್ನ ಫೋನ್ ನಂಬರ್ ಕೊಟ್ಟರು. ಆಮೇಲೆ ಸ್ವಾನ್ ವ್ಯಾಲಿಗೆ ಹೋಗಿ ಕಪ್ಪು ದ್ರಾಕ್ಷಿ ತಂದೆವು. ನಾಡಿ ಸರಿಯಿಲ್ಲವೆಂದು ಕಂಡರೆ ರೋಗಿ ವಿಶ್ರಾಂತಿ ಪಡೆದ ಮೇಲೆ ಮತ್ತೊಮ್ಮೆ ನೋಡಬೇಕು, ಆಮೇಲೆ ಡಾಕ್ಟರಿಗೆ ತಿಳಿಸಬೇಕು. ಇದು ನಾನು ಕಲಿತ, ನಾನೇ ನೂರಾರು ಹುಡುಗಿಯರಿಗೆ ಕಲಿಸಿದ ಕ್ರಮ. ಮತ್ತೊಮ್ಮೆ ನೋಡಲು ಅವರ ಕೈ ಕೇಳಬೇಕಿತ್ತು. ಭಾನುವಾರ ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಅವರು ಮಲಗಿದ್ದರು. ಮಲಗಿರುವ ಅಳಿಯನ ಕೋಣೆಗೆ ಅತ್ತೆ ಹೋಗುವುದಿಲ್ಲ. ಡಾಕ್ಟರು ಅದೇ ಮನೆಯಲ್ಲಿ ದ್ರಾಕ್ಷಿ ತೊಳೆಯುತ್ತ ನಿಂತಿದ್ದಳು. ಅವಳಿಗೆ ಹೇಳಿದರೆ, ಅವನ ಪಲ್ಸ್ ನೀನು ಯಾಕೆ ನೋಡಿದೆ, ಎಲ್ಲಿ ನೋಡಿದೆ ಎಂದು ಕೇಳುತ್ತಾಳೆ. ಮುಂದಿನ ಹಸಿರು ವಾರದಲ್ಲಿ ಅವರಿಗೇ ಹೇಳಿ ಅವಳ ಹತ್ತಿರ ತೋರಿಸುವಂತೆ ಮಾಡೋಣ ಎಂದುಕೊಂಡೆ. ಮಂಗಳವಾರ ಮುಂಜಾನೆ ಅವರು ಸೈಟಿನ ಹಳದಿ ಅಂಗಿ ಹಾಕಿಕೊಂಡು ಏರ್‌ಪೋರ್ಟಿಗೆ ಹೋದರು.

ನಾಡಿ ನೋಡಿದ ಹನ್ನೊಂದನೆಯ ದಿನ ಸೈಟಿನಿಂದ ವಸುಧಾಗೆ ಫೋನ್ ಬಂತು. ನಾನು ಇಳಾಳ ಸ್ಕೂಲ್ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ; ಕಾಲರ್ ಮುಗಿಸಿ, ತೋಳು ಮುಗಿಸಿ, ಸ್ವಿಚ್ ಆರಿಸಿ, ಆಮೇಲೆ ಆಸ್ಪತ್ರೆಗೆ ಹೊರಟೆ. ವಿಮಾನದಲ್ಲಿ ಅವರನ್ನು ಪರ್ತ್‌ಗೆ ತಂದಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋಗಿತ್ತು, ಮಾತು ಹೋಗಿತ್ತು. ಎದೆಬಡಿತ ಹದ ತಪ್ಪಿ ಒಳಗೆ ರಕ್ತ ಗಟ್ಟಿಕಟ್ಟಿ ಮಿದುಳಿಗೆ ಹೋಗಿದೆ ಎಂದು ಅಲ್ಲಿನ ಡಾಕ್ಟರು ವಿವರಿಸಿದರು. ಮುಂಚೆಯೇ ತಿಳಿದಿದ್ದರೆ ಮಾತ್ರೆ ಇತ್ತು ಎಂದರು. ಇತ್ತೀಚೆಗೆ ಯಾರಾದರೂ ಇವರ ಪಲ್ಸ್ ನೋಡಿದ್ದರಾ ಎಂದು ಕೇಳಿದರು. ವಸುಧಾ ಇಲ್ಲವೆಂದಳು. ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ. ಅವರ ಕಾಲಿನ ಕಡೆ ಜಾರಿದ್ದ ಹೊದಿಕೆಯನ್ನು ಎಳೆದು ಮೂಲೆ ಮಡಿಸಿದೆ. ಅಂದು ನನಗೆ ಏನನ್ನಿಸಿತು ಎಂದು ನೆನಪು ಮಾಡಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಹೊದಿಕೆ ನೀಲಿ ಬಣ್ಣದ್ದು ಎಂಬುದು ನೆನಪಾಗುತ್ತದೆ.

ನಾಲ್ಕು ದಿನವಾದ ಮೇಲೆ ಅಂಗಡಿಯವರು ನನಗೆ ಫೋನ್ ಮಾಡಿ ವಾಚು ಸಿದ್ಧವಾಗಿದೆ ಎಂದರು. ರೈಲಿನಲ್ಲಿ ಹೋಗಿ ತಂದೆ. ಅದನ್ನು ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ವಾಚು ಹೊರಗೆ ಬಂದರೆ ಆ ಶನಿವಾರವೂ ಅದರ ಜೊತೆ ಹೊರಗೆ ಬರುತ್ತದೆ.

ಮುಂದಿನ ವರ್ಷ ನಾವು ಬ್ರಿಸ್ಬೇನ್‌ಗೆ ಬಂದೆವು. ವಸುಧಾಗೆ ಫೋರ್ಟಿಟ್ಯೂಡ್ ವ್ಯಾಲಿಯ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು, ಫಾರೆಸ್ಟ್ ಲೇಕ್‌ನಲ್ಲಿ ಮೆಟ್ಟಿಲಿಲ್ಲದ ಮನೆ ಹಿಡಿದಳು. ಕೆರೆಯ ಸುತ್ತ ಸಮತಟ್ಟಾದ ದಾರಿ ಇದೆ, ವಾಕರ್ ಹಿಡಿದು ನಡೆಯಬಹುದು. ಫ್ರಿಜ್ಜಿನ ಮೇಲೆ ಈಗ ರೋಸ್ಟರ್ ಇಲ್ಲ. ಶ್ರೀಧರ ಅವರು ಎಲ್ಲ ದಿನವೂ ಮನೆಯಲ್ಲಿರುತ್ತಾರೆ. ಬುಧವಾರದ ಸ್ವಿಮ್ಮಿಂಗಿಗೂ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಅವರ ಮಾತ್ರೆಗಳ ಡಬ್ಬಿ ನನ್ನ ಜವಾಬ್ದಾರಿಯಾಯಿತು. ಬೆಳಿಗ್ಗೆ ಆರಕ್ಕೆ ಅವರ ಕೋಣೆಗೆ ಹೋಗಿ ನಾಡಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ನನ್ನನ್ನು ಕಂಡೊಡನೆ ಅವರು ಎಡಗೈ ಚಾಚುತ್ತಿದ್ದರು. ಈಗ ನಾನು ಹಿಂಜರಿಯುತ್ತಿರಲಿಲ್ಲ.

ಮೆಲ್ಲಗೆ ಕೆಲವು ಶಬ್ದಗಳು ಮರಳಿದವು. ವಸು, ಇಳಾ, ನೀರು, ಬೇಡ. ಇಳಾಗೆ ಒಂಬತ್ತಾದ ವರ್ಷ ಅವರು ಹೊಸದೊಂದು ಹಟ ಶುರುಮಾಡಿದರು. ಇಳಾ ಎದುರಿಗೆ ಬಂದಾಗಲೆಲ್ಲ ಸ್ವಾಧೀನವಿಲ್ಲದ ಬಲಗೈಯ ಮಣಿಕಟ್ಟನ್ನು ಎಡಗೈ ಬೆರಳಿನಿಂದ ತಟ್ಟಿ, "ಇಳಾ, ಇಳಾ," ಎನ್ನುವುದು. ವಸುಧಾ ಅವರ ಮುಂದೆ ಮಂಡಿಯೂರಿ ಕೂತು ಕೇಳುತ್ತಿದ್ದಳು.

"ಟೈಮ್ ಎಷ್ಟು ಅಂತ ಕೇಳ್ತಿದೀಯಾ ಶ್ರೀ? ಇಳಾ ಸ್ಕೂಲಿಂದ ಯಾವಾಗ ಬರ್ತಾಳೆ ಅಂತನಾ? ಮೂರೂವರೆಗೆ ಬರ್ತಾಳೆ ಕಣೋ."

"ಬೇಡ," ಎಂದು ಅವರು ತಲೆ ಆಡಿಸುತ್ತಿದ್ದರು. "ಇಳಾ. ಇಳಾ."

"ಐಮ್ ರೈಟ್ ಹಿಯರ್ ಅಪ್ಪ," ಎನ್ನುತ್ತಿದ್ದಳು ಇಳಾ.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ, ಇವರಿಗೆ ಸಮಯದ ಅಂದಾಜು ಸಿಗದೆ ಕಳವಳವಾಗುತ್ತಿದೆ ಎಂದಳು. ವಸುಧಾ ಹಾಲಿಗೆ ದೊಡ್ಡ ಅಂಕಿಗಳ ಗಡಿಯಾರ ತಂದಳು. ಆಮೇಲೆ ಮಂಚದ ಪಕ್ಕಕ್ಕೆ ಒಂದು, ಬಚ್ಚಲಮನೆಗೆ ಒಂದು. ಗಂಟೆ ಹೇಳುವ ಗಡಿಯಾರವೂ ಬಂತು. ಅದು ಹೆಂಗಸಿನ ದನಿಯಲ್ಲಿ ಹೊತ್ತು ಹೇಳಿದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವಾಚು ಎಲ್ಲಿದೆ ಎಂದು ಅವರು ಕೇಳುತ್ತಿದ್ದುದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಒಂದು ಬೆಳಿಗ್ಗೆ ನಾಡಿ ನೋಡುವಾಗ ಮೆಲ್ಲಗೆ ಹೇಳಿದೆ.

"ನನ್ನ ಹತ್ರ ಇದೆ. ಭದ್ರವಾಗಿದೆ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಂದು ಮಣಿಕಟ್ಟು ತಟ್ಟಲಿಲ್ಲ. ಮರುದಿನ ಮತ್ತೆ ತಟ್ಟತೊಡಗಿದರು, ಈಗ ನನ್ನ ಕಡೆ ತಿರುಗಿ. ಇದ್ದರೆ ಸಾಲದು, ಇಳಾಗೆ ತಿಳಿಯಬೇಕು. ಹೇಳಿಕೊಳ್ಳಲು ಅವರಿಗೆ ಇದ್ದದ್ದು ಅದೊಂದೇ ಮಾತು. ಅದನ್ನು ನಾನು ಸೀರೆಯ ಕೆಳಗೆ ಇಟ್ಟುಕೊಂಡಿದ್ದೆ. ಏಳು ವಾರ ಹಾಗೆ ನಡೆಯಿತು. ಎಂಟನೆಯ ವಾರ ವಸುಧಾ, ಅವರ ಕಳವಳಕ್ಕೆ ಒಂದು ಮಾತ್ರೆ ಬರೆಸಿಕೊಂಡು ಬರುತ್ತೇನೆ, ಸೋಮವಾರದಿಂದ ಡಬ್ಬಿಗೆ ಸೇರಿಸು ಎಂದಳು.

ಅಂದು ಭಾನುವಾರ. ಊಟವಾಗಿ ಮೇಜು ಒರೆಸಿದ ಮೇಲೆ ಸೂಟ್‌ಕೇಸ್ ತೆಗೆದು ವಾಚಿನ ಪೆಟ್ಟಿಗೆಯನ್ನು ವಸುಧಾಳ ಮುಂದೆ ಇಟ್ಟೆ. ಶ್ರೀಧರ ಅವರು ತಮ್ಮ ಕುರ್ಚಿಯಲ್ಲಿದ್ದರು, ಇಳಾ ಹೋಂವರ್ಕ್ ಮಾಡುತ್ತಿದ್ದಳು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೇಗೆ ವರದಿ ಒಪ್ಪಿಸುತ್ತಿದ್ದೆನೋ ಹಾಗೇ ನಿಂತು ಹೇಳಿದೆ. ಎಂದು ಹೋದೆವು, ಎಲ್ಲಿ, ಅವರು ಕೈ ಚಾಚಿದ್ದು, ನಾನು ಎಣಿಸಿದ್ದು. ವಸುಧಾ ಪೆಟ್ಟಿಗೆ ಮುಟ್ಟಲಿಲ್ಲ.

"ಎಷ್ಟಿತ್ತು?"

"ನೂರ ಹದಿನೆಂಟು."

"ಇರ್ರೆಗ್ಯುಲರಾ?"

"ಹೌದು."

"ನಿಂಗೆ ಗೊತ್ತಾಯ್ತಾ ಏನು ಅಂತ?"

"ಗೊತ್ತಾಯ್ತು."

"ನಂಗ್ಯಾಕೆ ಹೇಳ್ಲಿಲ್ಲಮ್ಮ?"

"ದ್ರಾಕ್ಷಿ ತರೋಕೆ ಹೋಗಿದ್ವಿ ಅಂತ ನಿಂಗೆ ಹೇಳಿದ್ವಲ್ಲ."

ಹನ್ನೊಂದು ದಿನ ಇತ್ತು, ಒಂದು ಫೋನ್ ಸಾಕಿತ್ತು, ನಾನು ಸುಳ್ಳಿನ ಮರ್ಯಾದೆ ಕಾಯುತ್ತ ಕೂತಿದ್ದೆ. ವಸುಧಾ ನನ್ನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ನನ್ನಿಂದಲೇ ಕಲಿತದ್ದು ಅದು. ಪೆಟ್ಟಿಗೆ ಎತ್ತಿ ಗಂಡನ ತೊಡೆಯ ಮೇಲೆ ಇಟ್ಟಳು. ಅವರು ಒಂದೇ ಕೈಯಲ್ಲಿ ಮುಚ್ಚಳ ತೆರೆದರು, ವಾಚನ್ನು ಎತ್ತಿ ಇಳಾಳ ಕಡೆ ಚಾಚಿದರು.

"ಇಳಾ."

"ಇಟ್ಸ್ ಫಾರ್ ಮಿ? ನೌ?"

"ಇಪ್ಪತ್ತೊಂದಾದಾಗ," ಎಂದಳು ವಸುಧಾ. "ಅಪ್ಪ ನಿನಗೆ ಅಂತ ತೆಗೆದಿಟ್ಟಿದ್ದು. ಅಜ್ಜಿ ಜೊತೆ ಹೋಗಿ."

"ದಟ್ಸ್ ಏಜಸ್ ಅಮ್ಮ," ಎಂದು ಇಳಾ ಅದನ್ನು ಕಿವಿಗೆ ಹಿಡಿದು ಕೇಳಿದಳು. ಶ್ರೀಧರ ಅವರು ಮಣಿಕಟ್ಟು ತಟ್ಟಿಕೊಳ್ಳುವುದು ಅಂದಿಗೆ ನಿಂತಿತು. ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ವಸುಧಾ ಇಳಿಸಿದಳು. ಆ ಇನ್ನೊಂದು ಮಾತ್ರೆ ಬೇಕಾಗಲಿಲ್ಲ.

ಮರುದಿನ ಆರು ಗಂಟೆಗೆ ನಾನು ಹೋದಾಗ ಮಾತ್ರೆಯ ಡಬ್ಬಿ ಅದರ ಜಾಗದಲ್ಲಿರಲಿಲ್ಲ. ವಸುಧಾ ಮಂಚದ ಅಂಚಿನಲ್ಲಿ ಕೂತು ಗಂಡನ ಕೈ ಹಿಡಿದುಕೊಂಡಿದ್ದಳು. ಡಬ್ಬಿ, ಪುಸ್ತಕ ಎರಡೂ ಅವಳ ಮಡಿಲಲ್ಲಿದ್ದವು.

"ಇನ್ಮೇಲೆ ನಾನೇ ನೋಡ್ಕೋತೀನಿ," ಎಂದಳು, ತಲೆ ಎತ್ತದೆ.

"ಸರಿ," ಎಂದು ಅಡುಗೆಮನೆಗೆ ಹೋಗಿ ಹಾಲು ಕಾಯಲು ಇಟ್ಟೆ.

ಆ ವಿಷಯವನ್ನು ನಾವು ಮತ್ತೆ ಮಾತಾಡಿಲ್ಲ. ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಾನು ಈಗಲೂ ಐದಕ್ಕೆ ಏಳುತ್ತೇನೆ. ಆರಕ್ಕೆ ನನಗೆ ಕೆಲಸವಿಲ್ಲ, ಒಲೆಯ ಮುಂದೆ ನಿಂತಿರುತ್ತೇನೆ. ಕೋಣೆಯಲ್ಲಿ ಅವಳು ಎಣಿಸಿ ಮುಗಿಸುವುದು, ಪೆನ್ನು ತೆಗೆಯುವುದು ಕೇಳಿಸುತ್ತದೆ. ಪುಸ್ತಕದಲ್ಲಿ ಬರೆದುಕೊಳ್ಳುವವಳು ಅಂಕಿಯನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪಕ್ಕದಲ್ಲಿರುವ ಗಂಡನಿಗೆ ಅಷ್ಟು ಗಟ್ಟಿಯಾಗಿ ಹೇಳಬೇಕಾಗಿಯೂ ಇಲ್ಲ. ಆದರೂ ಪ್ರತಿದಿನ ಹೇಳುತ್ತಾಳೆ, "ಎಪ್ಪತ್ತಾರು" ಎಂದೋ "ಎಂಬತ್ತು" ಎಂದೋ, ಅಡುಗೆಮನೆಗೆ ಕೇಳುವಷ್ಟು.